ಮಾತಲ್ಲವೆಂದು ಅಳಿಸಿದ ಸದ್ದು

ನಮ್ಮ ಯಜಮಾನರು ಮದುವೆಯಾದಂದಿನಿಂದ ನನ್ನನ್ನು ಹೆಸರು ಹಿಡಿದು ಕರೆದವರಲ್ಲ. ಧಾರವಾಡದ ಅವರ ಮನೆಯಲ್ಲಿ ಗಂಡಸರು ಹೆಂಡತಿಯ ಹೆಸರು ಹೇಳುವ ರೂಢಿಯೇ ಇರಲಿಲ್ಲ. ಮಾವನವರಿಗೆ ಅತ್ತೆ ಬೇಕಾದರೆ "ಒಳಗ ಯಾರರೆ ಅದಾರೇನು?" ಎಂದು ಗೋಡೆಯನ್ನು ಕೇಳುತ್ತಿದ್ದರು. ಇವರು ಅಷ್ಟನ್ನೂ ಆಡುತ್ತಿರಲಿಲ್ಲ. ಗಂಟಲಲ್ಲಿ ಒಂದು ಸಣ್ಣ ಸದ್ದು ಮಾಡುತ್ತಿದ್ದರು. ಅದು ಕೆಮ್ಮಲ್ಲ, ಹೂಂಗುಟ್ಟುವುದೂ ಅಲ್ಲ. ಮೊದಲು ಉಸಿರು ಎಳೆದುಕೊಂಡ ಸಪ್ಪಳ, ಅದರ ಬೆನ್ನಿಗೇ ಎದೆಯಿಂದ ಒಂದು ಗುರ್ರೆನ್ನುವ ದನಿ. ಅಷ್ಟಕ್ಕೆ ನಾನು ಕೈ ಒರೆಸಿಕೊಂಡು ಹೊರಗೆ ಬಂದಿರುತ್ತಿದ್ದೆ.

ನಮ್ಮ ನಾದಿನಿ ರಜೆಗೆ ಬಂದಾಗಲೆಲ್ಲ ಅಡುಗೆಮನೆಯಲ್ಲಿ ಕೂತು ಇದನ್ನು ಕೇಳಿಸಿಕೊಂಡು ಚೇಷ್ಟೆ ಮಾಡುತ್ತಿದ್ದರು. "ಏನವಾ ವೈನಿ, ನಮ್ಮ ಅಣ್ಣ ನಿನ್ನ ಕರೀತಾನೋ, ನೀರಿನ ಮೋಟರ್ ಚಾಲೂ ಮಾಡ್ತಾನೋ?"

"ಮೋಟರ್ ಒಮ್ಮೊಮ್ಮೆ ಚಾಲೂ ಆಗಂಗಿಲ್ಲ. ಇವ್ರದು ತಪ್ಪಂಗಿಲ್ಲ," ಎನ್ನುತ್ತಿದ್ದೆ ನಾನು.

ಮದುವೆಯಾದ ಹೊಸತಿಗೆ ವಡೋದರಾದಲ್ಲಿದ್ದೆವು. ಆಮೇಲೆ ಎಣ್ಣೆ ಕಂಪನಿಯ ಅಹಮದಾಬಾದ್ ಆಫೀಸಿಗೆ ವರ್ಗವಾಗಿ ಚಾಂದ್‌ಖೇಡಾದ ಕ್ವಾರ್ಟರ್ಸಿಗೆ ಬಂದೆವು. ಮನೆ ಬದಲಾದರೂ ಆ ಸದ್ದು ಬದಲಾಗಲಿಲ್ಲ. ಕುಕ್ಕರ್ ಕೂಗುತ್ತಿದ್ದರೂ, ಕೆಳಗೆ ತರಕಾರಿ ಗಾಡಿಯವನು ಬಾಯಿ ಮಾಡುತ್ತಿದ್ದರೂ ಅದು ನನಗೆ ಕೇಳಿಸುತ್ತಿತ್ತು. ಎದುರಿಗೆ ಬೇರೆ ಯಾರಾದರೂ ಇದ್ದರೆ ಮಾತ್ರ ಅವರು ಹಾಗೆ ಕರೆಯುತ್ತಿರಲಿಲ್ಲ, ಎದ್ದು ಒಳಗೆ ಬಂದುಬಿಡುತ್ತಿದ್ದರು.

ಆಫೀಸಿನಲ್ಲಿ ಅವರದು ಮೀಟರು, ವಾಲ್ವು, ಒತ್ತಡ ಅಳೆಯುವ ಯಂತ್ರಗಳ ಕೆಲಸ. ಮನೆಯಲ್ಲಿ ಅವರ ಗೀಳೆಂದರೆ ಧ್ವನಿ. ವಡೋದರಾದಲ್ಲಿದ್ದಾಗ ಕನ್ನಡ ಸಂಘದ ಕಾರ್ಯಕ್ರಮಗಳನ್ನೆಲ್ಲ ಇವರೇ ರೆಕಾರ್ಡ್ ಮಾಡುತ್ತಿದ್ದರು. ಮುಂದೆ ಕಂಪ್ಯೂಟರ್ ಬಂದ ಮೇಲೆ ಸಂಘದಲ್ಲಿದ್ದ ಬ್ಯಾಂಕಿನವರು, ರೈಲ್ವೆಯವರು, ವಿಮೆಯವರು ತಮ್ಮ ಮನೆಯ ಕ್ಯಾಸೆಟ್ಟುಗಳನ್ನು ತಂದು ಕೊಡತೊಡಗಿದರು. ಸೀಮಂತದ ಹಾಡು, ನಾಮಕರಣದ ಗದ್ದಲ, ಊರಿಂದ ಅಜ್ಜಿ ಮಾತಾಡಿ ಕಳಿಸಿದ್ದು, ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿ, ಎನ್‌ಕೋಡರ್ ಎಂಬ ಪ್ರೋಗ್ರಾಮಿನಲ್ಲಿ ಹಾಕಿ, ಸಣ್ಣ ಫೈಲು ಮಾಡಿ ಕೊಡುತ್ತಿದ್ದರು. ಊಟದ ಮೇಜಿನ ಒಂದು ತುದಿಗೆ ಅವರ ಕಂಪ್ಯೂಟರ್, ಇನ್ನೊಂದು ತುದಿಗೆ ನನ್ನ ಮೆಂತ್ಯದ ಸೊಪ್ಪು.

ಅಲ್ಲಿ ಕೂತು ಸೊಪ್ಪು ಬಿಡಿಸುತ್ತ ನಾನು ಇದನ್ನು ಕಲಿತದ್ದು.

"ನೋಡು, ಈ ಎನ್‌ಕೋಡರ್ ಬರದವರು ತಮ್ಮ ಕೋಡ್ ಎಲ್ಲಾರಿಗೂ ತೆರದಿಟ್ಟಾರ," ಅಂದಿದ್ದರು. "ಅವರು ಸ್ವತಃ ಕಟ್ಟಿ ಕೊಡೋದು ಅಧಿಕೃತ ಬಿಲ್ಡ್. ಅದs ಕೋಡ್ ತಗೊಂಡು ಹೊರಗಿನ ಮಂದಿ ತಮಗ ಬೇಕಾದಂಗ ಕಟ್ಟಿ ಹಂಚೋದು ಕಮ್ಯುನಿಟಿ ಬಿಲ್ಡ್."

"ಹಂಗಾದ್ರ ಎರಡೂ ಒಂದs ಅಲ್ಲೇನ್ರಿ?"

"ಹೆಸರು ಒಂದs. ನಂಬರೂ ಒಂದs. ನಿನ್ನ ಹುಳಿ, ನಮ್ಮಕ್ಕನ ಹುಳಿ ಒಂದs ಏನು?"

"ನಿಮ್ಮಕ್ಕ ಬೆಲ್ಲ ಸುರೀತಾರ."

"ಅದs ನಾ ಹೇಳೋದು. ಸುರದದ್ದು ಹೊರಗ ಕಾಣಂಗಿಲ್ಲ."

ಅಧಿಕೃತ ಬಿಲ್ಡ್ ನಿಧಾನ. ಕೊಟ್ಟದ್ದನ್ನು ತನ್ನ ಕೈಲಾದಷ್ಟು ಹಾಗೇ ಇಡುತ್ತದೆ, ತಾನಾಗಿ ಏನನ್ನೂ ನಿರ್ಧರಿಸುವುದಿಲ್ಲ. ಕಮ್ಯುನಿಟಿಯವರದು ಚುರುಕು. ಒಬ್ಬರು ಹೊಸ ಪ್ರೊಸೆಸರಿಗೆ ಹೊಂದಿಸಿರುತ್ತಾರೆ, ಇನ್ನೊಬ್ಬರು ಮೊಬೈಲಿಗೆಂದು ತಿದ್ದಿರುತ್ತಾರೆ. ಅಧಿಕೃತದಲ್ಲಿ ಆಫ್ ಇರುವ ಯಾವುದೋ ಸ್ವಿಚ್ಚು ಇಲ್ಲಿ ಮೊದಲೇ ಆನ್ ಆಗಿರಬಹುದು. ಬಹಳ ಮಂದಿಗೆ ಅದರಿಂದ ಅನುಕೂಲವೇ. ಇವರು ಮಾತ್ರ ಅಧಿಕೃತ ಬಿಲ್ಡ್ ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ. ಸಂಘದ ಯಾರಾದರೂ ಬೇರೆಯದರಲ್ಲಿ ಮಾಡಿ ತಂದರೆ, ನಮ್ಮ ಮನೆಯಲ್ಲಿ ಅವರಿಗೆ ಚಹಾದ ಜೊತೆ ಒಂದು ಗಂಟೆಯ ಪಾಠವೂ ಆಗುತ್ತಿತ್ತು.

ಇನ್ನೊಂದು ಅಭ್ಯಾಸ ಇತ್ತು, ಅದು ಆಫೀಸಿನಿಂದ ಬಂದದ್ದು. ಅವರ ಪ್ಲಾಂಟುಗಳಲ್ಲಿ ಯಾವುದೇ ಪೈಪಿನ ನಕ್ಷೆ ಹೊಸದಾಗಿ ಬಂದರೆ ಹಳೆಯದನ್ನು ಅಂದೇ ನಾಶ ಮಾಡಬೇಕು. ಎರಡೂ ಉಳಿದರೆ ಯಾವನೋ ಒಬ್ಬ ಹಳೆಯದನ್ನು ನೋಡಿ ತಪ್ಪು ವಾಲ್ವ್ ತಿರುಗಿಸುತ್ತಾನೆ, ಜೀವ ಹೋಗುತ್ತದೆ. ಹಾಗಾಗಿ ಮನೆಯಲ್ಲೂ ಅಷ್ಟೇ. ರೆಕಾರ್ಡ್ ಮಾಡಿದ್ದನ್ನು ಸಣ್ಣ ಫೈಲು ಮಾಡಿ, ಕೇಳಿ ಪರೀಕ್ಷಿಸಿ, ಸರಿಯಿದೆ ಎಂದಾದರೆ ಮೂಲವನ್ನು ಅಳಿಸುವುದು. ಅದೂ ಪೂರ್ತಿ ಫಾರ್ಮ್ಯಾಟ್. ಅರ್ಧಮರ್ಧ ಅಳಿಸುವುದು ಅವರಿಗೆ ಎಂಜಲು ತಟ್ಟೆಯನ್ನು ನೀರು ಚಿಮುಕಿಸಿ ಎತ್ತಿಟ್ಟ ಹಾಗೆ.

ಇವರ ದನಿ ಒಡೆಯತೊಡಗಿದಾಗ ನಾವು ಹವೆ ಎಂದೆವು. ಆಮೇಲೆ ಎಸಿ ಎಂದೆವು. ಕಡೆಗೆ ತೋರಿಸಿದಾಗ ಡಾಕ್ಟರರು ಧ್ವನಿಪೆಟ್ಟಿಗೆಯಲ್ಲಿ ಕ್ಯಾನ್ಸರ್ ಎಂದರು, ಪೂರ್ತಿ ತೆಗೆಯಬೇಕು, ಕುತ್ತಿಗೆಯಲ್ಲಿ ಒಂದು ತೂತು ಇರುತ್ತದೆ, ಇನ್ನು ಮುಂದೆ ಉಸಿರು ಅಲ್ಲಿಂದಲೇ ಎಂದರು. ಇವರು ಬೀಡಿ ಸೇದಿದವರಲ್ಲ, ಇಲ್ಲಿಯವರ ಹಾಗೆ ಮಾವಾ ತಂಬಾಕು ಅಗಿದವರಲ್ಲ. ನೋಡಲು ಬಂದವರೆಲ್ಲ ಅದನ್ನೇ ಮೊದಲು ಕೇಳುತ್ತಿದ್ದರು, ತಿಂದಿದ್ದರೆ ಎಲ್ಲರಿಗೂ ಸಮಾಧಾನ ಆಗುತ್ತಿತ್ತೇನೋ ಎಂಬಂತೆ.

"ಮಾತು ಪೂರಾ ಹೋಗ್ತದೇನ್ರಿ?" ಎಂದು ನಾನು ಡಾಕ್ಟರರನ್ನು ಹಿಂದಿಯಲ್ಲಿ ಕೇಳಿದೆ. ಕುತ್ತಿಗೆಗೆ ಒತ್ತಿ ಹಿಡಿಯುವ ಒಂದು ಯಂತ್ರ ಬರುತ್ತದೆ, ಯಂತ್ರದ ದನಿಯಲ್ಲಿ ಮಾತಾಡಬಹುದು ಎಂದರು. ಇವರು ಹೊರಗೆ ಬಂದು ಸ್ಕೂಟರಿನ ಹತ್ತಿರ ನಿಂತು ಹೇಳಿದರು, "ಅದರಾಗ ಮಾತಾಡೋದ್ಕಿಂತ ಸುಮ್ನಿರೋದು ಚಲೋ. ನನ್ನ ದನಿ ನಾನs ಇಟ್ಟು ಹೋಗ್ತೀನಿ."

ಹಾಗೆ ಶುರುವಾಯಿತು ಕೆಲಸ. ಮೊಬೈಲಿನಲ್ಲಿ ಚೌಕ ಚೌಕ ಗುಂಡಿಗಳ ಒಂದು ಆ್ಯಪ್ ಇದೆ, ಒತ್ತಿದರೆ ಅದಕ್ಕೆ ಸೇರಿಸಿದ ಧ್ವನಿ ಕೇಳಿಸುತ್ತದೆ. ನಿತ್ಯಕ್ಕೆ ಬೇಕಾಗುವ ಮಾತುಗಳನ್ನೆಲ್ಲ ಹೇಳಿ ಇಟ್ಟುಕೊಂಡರೆ ಆಯಿತು. ಮಲಗುವ ಕೋಣೆಯ ಕಿಟಕಿಗೆ ನಮ್ಮ ಹೊದೆಯುವ ಕೌದಿ ಕಟ್ಟಿದೆವು. ಫ್ಯಾನ್ ಆರಿಸಿ, ಬೆವರು ಸುರಿಸುತ್ತ ಕೂತು, ಅಂಗೈಯಷ್ಟರ ರೆಕಾರ್ಡರ್ ಮುಂದಿಟ್ಟುಕೊಂಡು ಒಂದೊಂದೇ ಮಾತು ಹೇಳಿದರು. ಯಾವ ಮಾತು ಬೇಕೆಂದು ಹೇಳಿಕೊಡುವುದು ನನ್ನ ಪಾಲಿನದು. ಚಹಾ ಆತೇನು. ಬಾಗಿಲಾ ತಗಿ. ಯಾರ ಫೋನು. ಸೊಳ್ಳೆ ಅದಾವ.

"ಪಲ್ಯಾಕ್ಕ ಉಪ್ಪು ಕಡಿಮಿ ಆಗೇದ ಅಂತ ಒಂದು ಇರ್ಲಿ," ಎಂದರು.

"ಅದೊಂದು ಬ್ಯಾಡ. ಸಾಯೋತನಕ ಗುಂಡಿ ಒತ್ತೇ ಒತ್ತತೀರಿ."

"ಹೆಚ್ಚಾಗೇದ ಅಂತನೂ ಒಂದು ಹೇಳ್ತೀನಿ. ಸಮ ಆತಲ್ಲ?"

ನಗುವಾಗ ನೋವಾಗಿ ಕುತ್ತಿಗೆ ಹಿಡಿದುಕೊಂಡರು. ದನಿ ಆಗಲೇ ಸವೆದಿತ್ತು. ಆದರೂ ಪ್ರತಿ ಮಾತಿಗೂ ಮೊದಲು ಆ ಉಸಿರು, ಆ ಗುರ್ರೆನ್ನುವ ಸದ್ದು ಇತ್ತು. ಕಡೆಗೆ ನಾನು, "ನನ್ನ ಕರಿಯೋದು?" ಎಂದೆ. ಅವರಿಗೆ ನಾಚಿಕೆಯಾಯಿತು. ನನ್ನನ್ನು ಹೊರಗೆ ಕಳಿಸಿ, ಬಾಗಿಲು ಹಾಕಿಕೊಂಡು, ಅದೊಂದನ್ನೇ ರೆಕಾರ್ಡ್ ಮಾಡಿದರು. ನಾನು ಅಡುಗೆಮನೆಯಲ್ಲಿದ್ದೆ. ಕೇಳಿಸಿದ ಕೂಡಲೇ ಕೈ ಒರೆಸಿಕೊಂಡು ಬಂದು ಬಾಗಿಲ ಹೊರಗೆ ನಿಂತುಬಿಟ್ಟೆ.

ರವಿವಾರ ಮನೆಯ ಕಂಪ್ಯೂಟರಿನಲ್ಲಿ ಕೂತು ಎಲ್ಲವನ್ನೂ ಫೈಲು ಮಾಡುವುದೆಂದಿತ್ತು. ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನು ಬಂತು, ಬೆಡ್ ಖಾಲಿಯಾಗಿದೆ, ಇವತ್ತೇ ಬಂದು ಸೇರಿ ಎಂದು. ಬಿಟ್ಟರೆ ಮತ್ತೆ ಯಾವಾಗಲೋ. ಸೂರತ್‌ನ ಹಜೀರಾದಲ್ಲಿ ನಮ್ಮ ಮಗಳಿದ್ದಾಳೆ, ಅಳಿಯ ಅಲ್ಲಿಯ ಒಂದು ಕಾರಖಾನೆಯಲ್ಲಿ ಇಂಜಿನಿಯರ್, ಕಂಪನಿಯ ಕಾಲೊನಿಯಲ್ಲೇ ಮನೆ. ಅವಳು ತನ್ನ ಲ್ಯಾಪ್‌ಟಾಪ್ ಸಮೇತ ಮಧ್ಯಾಹ್ನದ ರೈಲಿಗೆ ಬಂದಳು. ಇವರು ಬೆಡ್ಡಿನ ಮೇಲೆ ಕಾಲು ಮಡಚಿ ಕೂತು ಅದನ್ನು ತೊಡೆಯ ಮೇಲೆ ಇಟ್ಟುಕೊಂಡರು. ಅಧಿಕೃತ ಬಿಲ್ಡ್ ಆ ಹೊಸ ಲ್ಯಾಪ್‌ಟಾಪಿನಲ್ಲಿ ನಡೆಯಲಿಲ್ಲ. ಆ ಬಗೆಯ ಪ್ರೊಸೆಸರಿಗೆ ಅಧಿಕೃತ ತಂಡದವರು ಇನ್ನೂ ಕಟ್ಟಿಕೊಟ್ಟಿರಲಿಲ್ಲ. ಕಮ್ಯುನಿಟಿಯವರದು ಒಂದು ತಯಾರಿತ್ತು, ಅದೇ ಹೆಸರು, ಅದೇ ನಂಬರು.

"ಅಪ್ಪಾ, ಇದ ತಗೋರಿ, ಏನಾಗ್ತದ? ಎಲ್ಲಾರೂ ಇದs ಯೂಸ್ ಮಾಡ್ತಾರ," ಎಂದಳು ಮಗಳು.

ಅವರು ಪರದೆಯ ಮೇಲಿನ ಹೆಸರು, ನಂಬರು ಇನ್ನೊಮ್ಮೆ ಓದಿದರು. "ನಾಳಿಂದ ನನಗ ಆರಿಸ್ಕೋಳಿಕ್ಕೆ ಏನೂ ಉಳಿಯೂದಿಲ್ಲ. ತಗೋ," ಎಂದರು.

ಕೆಲಸ ಕಣ್ಣು ಮಿಟುಕಿಸುವುದರೊಳಗೆ ಮುಗಿಯಿತು. ಇಯರ್‌ಫೋನ್ ಹಾಕಿಕೊಂಡು ಒಂದೊಂದೇ ಮಾತು ಕೇಳಿದರು. ಮಾತು ಮಾತೂ ಸ್ಪಷ್ಟ, ಸ್ವಲ್ಪ ತೊಳೆದಿಟ್ಟ ಹಾಗಿದೆ ಎಂದರು. ಮೊಬೈಲಿಗೆ ಹಾಕಿ, ಗುಂಡಿಗಳಿಗೆ ಹೆಸರು ಕೊಟ್ಟರು. ನರ್ಸು ಬಂದು ರಕ್ತ ತೆಗೆದುಕೊಂಡು ಹೋದಳು. ಲ್ಯಾಪ್‌ಟಾಪಿಗೆ ಇಳಿಸಿದ್ದನ್ನು ಅಳಿಸಿ, ರೆಕಾರ್ಡರಿನ ಕಾರ್ಡನ್ನು ಎಂದಿನಂತೆ ಪೂರ್ತಿ ಫಾರ್ಮ್ಯಾಟ್ ಮಾಡಿ ನನ್ನ ಕೈಗೆ ಕೊಟ್ಟರು. ಮಾತುಗಳನ್ನೆಲ್ಲ ಪರೀಕ್ಷಿಸಿದ್ದರು. ನನ್ನನ್ನು ಕರೆಯುವುದು ಮಾತಾಗಿರಲಿಲ್ಲ. ಮಗಳೆದುರಿಗೆ ಅದನ್ನು ಹಾಕಿಕೊಂಡು ಕೇಳಲು ಅವರಿಗೆ ಸಂಕೋಚವೂ ಇದ್ದೀತು.

ಆಪರೇಷನ್ ಆಗಿ, ಐಸಿಯುನಿಂದ ವಾರ್ಡಿಗೆ ತಂದ ಮೇಲೆ, ಒಂದು ಬೆಳಿಗ್ಗೆ ನಾನು ಕಿಟಕಿಯ ಹತ್ತಿರ ಅವರ ಬಟ್ಟೆ ಮಡಚುತ್ತಿದ್ದೆ. ಅವರ ಕಡೆ ಬೆನ್ನಿತ್ತು. ಮೂಗಿನಲ್ಲಿ ಊಟದ ನಳಿಗೆ, ಕುತ್ತಿಗೆಗೆ ಪಟ್ಟಿ, ಮಲಗಿದ್ದಾರೆ ಎಂದುಕೊಂಡಿದ್ದೆ. ಬಾಗಿಲಲ್ಲಿ ಬಂದ ಮಗಳು ಅಲ್ಲೇ ನಿಂತು ಹೇಳಿದಳು, "ಅಮ್ಮಾ, ಅಪ್ಪ ನಿನ್ನs ನೋಡ್ಲಿಕತ್ತಾರ."

ತಿರುಗಿದೆ. ಅವರ ಕೈಯಲ್ಲಿ ಮೊಬೈಲಿತ್ತು. ಒಂದೇ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದರು, ನನ್ನ ಮುಖ ನೋಡುತ್ತಿದ್ದರು, ಮತ್ತೆ ಒತ್ತುತ್ತಿದ್ದರು. ನಾನು ಬೇಕೆಂತಲೇ ತಿರುಗುತ್ತಿಲ್ಲ ಎಂದು ಅವರಿಗೆ ಅನಿಸಿತ್ತೋ ಏನೋ, ಕಣ್ಣಲ್ಲಿ ಅಂಥದೊಂದು ಇತ್ತು. ಮಗಳು ಮೊಬೈಲ್ ತೆಗೆದುಕೊಂಡು ಕಿವಿಗೆ ಹಿಡಿದಳು, ದನಿ ಏರಿಸಿದಳು.

"ಇದರಾಗ ಏನೂ ಇಲ್ಲಮ್ಮ. ಫೈಲ್ ಅದ, ಬಟ್ ಪೂರಾ ಬ್ಲ್ಯಾಂಕ್ ಅದ."

ಉಳಿದ ಗುಂಡಿಗಳನ್ನು ಒತ್ತಿ ನೋಡಿದೆವು. ಮಾತುಗಳಿದ್ದವು. ಚಹಾ ಆತೇನು. ಬಾಗಿಲಾ ತಗಿ. ಆದರೆ ಮಾತಿನ ಹಿಂದಿದ್ದ ಉಸಿರು, ಮಾತು ಮಾತಿನ ನಡುವಿನ ಗುರುಗುರು, ಎಲ್ಲ ಹೋಗಿತ್ತು. ಲಿಫ್ಟಿನೊಳಗೆ ಮಹಡಿ ಹೇಳುವ ದನಿಯ ಹಾಗೆ ಮಾತು ಎಲ್ಲಿಂದಲೋ ಶುರುವಾಗಿ ಕಡಿದ ಹಾಗೆ ನಿಲ್ಲುತ್ತಿತ್ತು. ಆ ಬಿಲ್ಡಿನಲ್ಲಿ ಮಾತು ಎಂದು ಅನಿಸದ ಸಣ್ಣ ಸದ್ದನ್ನೆಲ್ಲ ಗಲಾಟೆ ಎಂದು ತೆಗೆದುಹಾಕುವ ಸ್ವಿಚ್ಚು ಮೊದಲೇ ಆನ್ ಇತ್ತು. ಅಧಿಕೃತದಲ್ಲಿ ಅದು ಆಫ್. ಇದು ನಮಗೆ ಆಮೇಲೆ ಗೊತ್ತಾಯಿತು.

ಗೊತ್ತಾದದ್ದು ಅವರೇ ಬರೆದು ಕೇಳಿದ್ದರಿಂದ. ಕೈ ಆಡುವಷ್ಟು ಶಕ್ತಿ ಬಂದ ಕೂಡಲೇ ಎರಡೂ ಕಡೆಗೆ ಬರೆದರು. ಅಧಿಕೃತ ತಂಡದವರು, ಆ ಬಿಲ್ಡ್ ನಮ್ಮದಲ್ಲ, ಕಟ್ಟಿದವರನ್ನು ಕೇಳಿ ಎಂದರು. ಕಟ್ಟಿದವನು ಎಲ್ಲಿಯೋ ಚಳಿಯ ದೇಶದವನು, ಒಳ್ಳೆಯ ಮನುಷ್ಯ. ತನ್ನ ಬಿಲ್ಡನ್ನು ಹೆಚ್ಚಾಗಿ ಬಳಸುವವರು ದುರ್ಬಲ ನೆಟ್‌ವರ್ಕಿನಲ್ಲಿ ಮಾತು ಕಳಿಸುವವರು, ಅವರಿಗಾಗಿ ಹಾಗೆ ಮಾಡಿದ್ದೇನೆ, ಬದಲಾವಣೆಗಳ ಟಿಪ್ಪಣಿಯಲ್ಲಿ ಹಾಕಿದ್ದೇನೆ, ನಿಮಗೆ ಹೀಗಾದದ್ದಕ್ಕೆ ಬಹಳ ದುಃಖವಾಯಿತು ಎಂದ. ನಿಮಗೋಸ್ಕರ ಆ ಸ್ವಿಚ್ಚು ಆಫ್ ಮಾಡಿ ಒಂದು ಕಟ್ಟಿ ಕೊಡುತ್ತೇನೆ, ಮತ್ತೊಮ್ಮೆ ರೆಕಾರ್ಡ್ ಮಾಡಿ ಕಳಿಸಿ ಎಂದೂ ಬರೆದಿದ್ದ. ಮೊದಲನೆಯ ಪತ್ರದಲ್ಲಿ ಇವರು ತಮ್ಮ ರೋಗದ ವಿಷಯ ಬರೆದಿರಲಿಲ್ಲ.

ನಾನು ಸಿಟ್ಟು ಮಾಡಿದೆ. ಯಾರ ಮೇಲೆ ಎಂದು ಗೊತ್ತಿಲ್ಲದೆ ಮಾಡಿದೆ. ಇವರು ಮೊಬೈಲಿನಲ್ಲಿ ಟೈಪ್ ಮಾಡಿ ತೋರಿಸಿದರು: "ಅವರ್ಯಾರೂ ಸುಳ್ಳು ಹೇಳಿಲ್ಲ."

ಅಹಮದಾಬಾದಿನ ವಸ್ತ್ರಾಪುರದ ಒಂದು ಅಂಗಡಿಯಲ್ಲಿ ಅಳಿಸಿದ ಫೋಟೋ ಪತ್ತೆ ಮಾಡಿ ಕೊಡುತ್ತಾರೆ. ಮಗಳು ಕಾರ್ಡನ್ನು ಅಲ್ಲಿಗೆ ಒಯ್ದಳು. ಅಂಗಡಿಯವನು ಅದನ್ನು ಎರಡು ದಿನ ಇಟ್ಟುಕೊಂಡು, "ಬೆಹೆನ್, ಇದನ್ನು ಫಾರ್ಮ್ಯಾಟ್ ಮಾಡಿದವರು ಒಂದು ಚೂರೂ ಬಿಟ್ಟಿಲ್ಲ," ಎಂದು ಹಿಂದಿರುಗಿಸಿದನಂತೆ. ವಿಡಿಯೋಗಳನ್ನು ಹುಡುಕಿದೆವು. ಮೊಮ್ಮಗನ ಹುಟ್ಟುಹಬ್ಬ, ಯಾರದೋ ಗೃಹಪ್ರವೇಶ. ಇವರ ಮಾತು ಅಲ್ಲಲ್ಲಿ ಇತ್ತು. ಆದರೆ ನಾಲ್ಕು ಮಂದಿಯ ನಡುವೆ ಇವರು ನನ್ನನ್ನು ಎಂದು ಕರೆದಿದ್ದರು?

ಆಗ ನನಗೆ ವಡೋದರಾದ ಸಂಘದ ನೆನಪಾಯಿತು. ಕಾರ್ಯಕ್ರಮ ರೆಕಾರ್ಡ್ ಮಾಡುವಾಗ ಗುಂಡಿ ಒತ್ತಿ, ಮೈಕು ಸರಿಯಿದೆಯೇ ಎಂದು ನೋಡಲು ಇವರು ಅದೇ ಸದ್ದು ಮಾಡುತ್ತಿದ್ದರು. ಸಭೆಯಲ್ಲಿ ಹೆಂಗಸರ ನಡುವೆ ಕೂತ ನಾನು ತಟ್ಟನೆ ತಲೆ ಎತ್ತಿ, ಪಕ್ಕದವರ ನಗೆಗೆ ಗುರಿಯಾಗುತ್ತಿದ್ದೆ. ಮಗಳನ್ನು ಇವರ ಹತ್ತಿರ ಬಿಟ್ಟು ಬೆಳಗಿನ ರೈಲಿಗೆ ಹೋದೆ. ಸಂಘದ ಹಳೆಯ ಸಾಮಾನೆಲ್ಲ ಒಬ್ಬ ನಿವೃತ್ತ ಬ್ಯಾಂಕಿನವರ ಮನೆಯಲ್ಲಿದೆ. ಅವರ ಹೆಂಡತಿ ಮಂಡ್ಯ ಕಡೆಯವರು, ನನ್ನ ಹಳೆಯ ಗೆಳತಿ. ಟಿವಿಗೆ ಡ್ರೈವ್ ಚುಚ್ಚಿ ಒಂದೊಂದೇ ಹಚ್ಚಿದರು. ಎಲ್ಲವೂ ನೇರ ಪ್ರಾರ್ಥನೆಯಿಂದಲೇ ಶುರುವಾಗುತ್ತಿದ್ದವು.

"ಮುಂದಿಂದು ಇಲ್ಲೇನ್ರಿ? ಶುರು ಆಗೂಕಿಂತ ಮೊದಲಿಂದು?"

"ಇಲ್ಲ ಕಣ್ರೀ. ನಿಮ್ ಯಜಮಾನ್ರು ಮುಂದ್ಲು ಹಿಂದ್ಲು ಎಲ್ಲಾ ಕತ್ತರಿಸಿ ಚೊಕ್ಕ ಮಾಡಿ ಕೊಡ್ತಿದ್ರಲ್ಲ. ಯಾರ್ದೋ ಕೆಮ್ಮು, ಕುರ್ಚಿ ಎಳ್ದಿದ್ದು, ಒಂದೂ ಉಳಿಸ್ತಿರ್ಲಿಲ್ಲ. ಅಷ್ಟು ನೀಟು."

"ಕ್ಯಾಸೆಟ್ಟು?"

"ಅವನ್ನ ಬಿಸಾಕಿ ಅಂತ ಅವ್ರೇ ಹೇಳಿದ್ರು. ಎರಡೆರಡು ಇದ್ರೆ ಗೊಂದಲ ಅಂತ." ರಿಮೋಟ್ ಕೆಳಗಿಟ್ಟು, "ಯಾಕ್ರೀ, ಏನಾಗ್ಬೇಕಿತ್ತು ಅದ್ರಲ್ಲಿ?" ಎಂದರು.

ನನ್ನ ಗಂಡ ಗಂಟಲು ಸರಿಮಾಡಿಕೊಂಡದ್ದು ಬೇಕಿತ್ತು ಎನ್ನದೆ, ಸುಮ್ಮನೆ ಹಳೆಯ ನೆನಪಿಗೆ ಎಂದೆ. ಊಟಕ್ಕೆ ಏಳಿ ಎಂದರು. ಬದನೆಕಾಯಿ ಹುಳಿ ಮಾಡಿದ್ದರು, ಉಂಡು ಬಂದೆ.

ಈಗ ನಾವು ಹಜೀರಾದಲ್ಲಿ ಮಗಳ ಮನೆಯಲ್ಲಿದ್ದೇವೆ. ಇವರು ಕೆಲಸ ಬಿಟ್ಟರು, ಕ್ವಾರ್ಟರ್ಸ್ ಬಿಟ್ಟುಕೊಟ್ಟೆವು. ಕುತ್ತಿಗೆಯ ಯಂತ್ರ ಕಪಾಟಿನಲ್ಲಿದೆ. ಗುಂಡಿಗಳ ಮೊಬೈಲನ್ನು ಹಾಲಿನವನಿಗೆ, ವಾಚ್‌ಮನ್ನನಿಗೆ ಬಳಸುತ್ತಾರೆ, ನನ್ನ ಹತ್ತಿರ ತೆಗೆಯುವುದಿಲ್ಲ. ಮೊಮ್ಮಗನಿಗೆ ಮಾತ್ರ ಅದು ಆಟ. ಮನೆಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್, ಕೆಳಗಿನ ಹುಡುಗರ ಹತ್ತಿರ ಗುಜರಾತಿ ಆಡುವ ಅವನು ಆ ಗುಂಡಿಗಳಿಂದಲೇ ಒಂದಿಷ್ಟು ಕನ್ನಡ ಕಲಿತಿದ್ದಾನೆ. "ಸೊಳ್ಳೆ ಅದಾವ," ಎನ್ನುತ್ತಾನೆ, ಹಗಲು ಹೊತ್ತಿನಲ್ಲಿ, ಉಸಿರೇ ಇಲ್ಲದವನ ಹಾಗೆ, ಮುಂದೂ ಹಿಂದೂ ಕಡಿದು.

ಮಗಳು ಕರೆಗಂಟೆಯೊಂದನ್ನು ತಂದು ಹಾಸಿಗೆಗೆ ಕಟ್ಟಿದಳು. ಇವರು ಅದನ್ನು ಬಿಚ್ಚಿ ಟೈಪ್ ಮಾಡಿದರು: "ಗಂಟೆ ಒತ್ತೋದು ಪ್ಯೂನಿಗೆ."

ಮತ್ತೊಂದು ದಿನ ಅವಳು ಲ್ಯಾಪ್‌ಟಾಪ್ ಹಿಡಿದು ಉತ್ಸಾಹದಿಂದ ಬಂದಳು. ಈಗ ಒಂದು ಪ್ರೋಗ್ರಾಮ್ ಬಂದಿದೆಯಂತೆ, ಉಳಿದಿರುವ ಮಾತುಗಳಿಂದ ಅಪ್ಪನ ದನಿಯನ್ನು ಮತ್ತೆ ಕಟ್ಟುತ್ತದಂತೆ, ಏನು ಬೇಕಾದರೂ ಹೇಳಿಸಬಹುದಂತೆ.

"ಆ ಸದ್ದು ಬರಂಗಿಲ್ಲಮ್ಮ, ಟ್ರೈ ಮಾಡಿದೆ. ವರ್ಡ್ಸ್ ಅಷ್ಟs ಬರ್ತಾವ. ಅದಕ್ಕ ನಿನ್ನ ಹೆಸರು ಹಾಕೀನಿ. ಕೇಳು."

ಒತ್ತಿದಳು. ಇವರ ದನಿ ನನ್ನ ಹೆಸರು ಹಿಡಿದು ಕರೆಯಿತು. ರೋಗ ಬರುವ ಮೊದಲಿದ್ದ ಹಾಗೆ, ಗಟ್ಟಿಯಾಗಿ, ಒಡಕಿಲ್ಲದೆ. ನಾನು ಇವರ ಕಡೆ ನೋಡಿದೆ. ಇವರು ನನ್ನನ್ನು ನೋಡಲಿಲ್ಲ. ತಮ್ಮ ಎದುರಿಗೇ ಯಾರೋ ಹೊರಗಿನವನು ಬಂದು ತಮ್ಮ ಹೆಂಡತಿಯನ್ನು ಹೆಸರು ಹಿಡಿದು ಕೂಗಿದ ಹಾಗೆ, ಮುಖ ಕೆಂಪಾಗಿ, ಗೋಡೆಯ ಕಡೆ ತಿರುಗಿದರು.

"ತಗೀ ಅದನ್ನ," ಎಂದೆ.

"ಯಾಕಮ್ಮ? ಎಷ್ಟು ಕ್ಲಿಯರ್ ಅದ..."

"ತಗೀ ಅಂದೆ."

ಅವಳಿಗೆ ಬೇಸರವಾಯಿತು. ಅವಳ ಗಂಡ ಅವಳನ್ನು ದಿನಕ್ಕೆ ನೂರು ಸಲ ಹೆಸರು ಹಿಡಿದು ಕರೆಯುತ್ತಾನೆ, ಇವಳೂ ಅವನನ್ನು ಹಾಗೇ ಕರೆಯುತ್ತಾಳೆ. ಅಳಿಸಿ, ಲ್ಯಾಪ್‌ಟಾಪ್ ಮುಚ್ಚಿ, ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಹೋದ ಸಲದ ಸ್ಕ್ಯಾನಿನಲ್ಲಿ ಶ್ವಾಸಕೋಶದಲ್ಲಿ ಏನೋ ಕಾಣಿಸಿದೆ. ಮತ್ತೆ ಅಹಮದಾಬಾದಿಗೆ ಹೋಗಿ ಬರುತ್ತಿದ್ದೇವೆ. ಇವರು ಈಗ ಹೆಚ್ಚು ಮಲಗಿಯೇ ಇರುತ್ತಾರೆ. ಮಂಚವನ್ನು ನಡುಮನೆಗೆ ಎಳೆಸಿದ್ದೇನೆ. ಕಾಯಿಪಲ್ಯ ಹೆಚ್ಚುವುದು, ಅಕ್ಕಿ ಆರಿಸುವುದು, ಬಟ್ಟೆ ಮಡಚುವುದು, ಎಲ್ಲ ಅವರ ಎದುರಿಗೇ ನೆಲದ ಮೇಲೆ ಕೂತು. ಒಲೆಯ ಕೆಲಸ ಇದ್ದಾಗ ಮಾತ್ರ ಒಳಗೆ ಹೋಗಲೇಬೇಕು. ಹೋದರೆ ಮನಸ್ಸು ನಿಲ್ಲುವುದಿಲ್ಲ. ಒಗ್ಗರಣೆ ಹಾಕಿ ಹೊರಗೆ ಇಣುಕುತ್ತೇನೆ, ಹಿಟ್ಟು ಕಲಸುವಾಗ ಇಣುಕುತ್ತೇನೆ.

ಒಮ್ಮೊಮ್ಮೆ ಇಣುಕಿದಾಗ ಅವರು ಅಡುಗೆಮನೆಯ ಬಾಗಿಲನ್ನೇ ನೋಡುತ್ತಿರುತ್ತಾರೆ. ಎಷ್ಟು ಹೊತ್ತಿನಿಂದ ಎಂದು ನಾನು ಕೇಳುವುದಿಲ್ಲ. ನೀರು ಬೇಕು ಎಂದು ಕೈಯಲ್ಲಿ ತೋರಿಸುತ್ತಾರೆ. ಕೊಡುತ್ತೇನೆ. ಕುಡಿದು, ಲೋಟ ನನ್ನ ಕೈಗೆ ಕೊಟ್ಟು, ಕಣ್ಣು ಮುಚ್ಚುತ್ತಾರೆ.